ದಡದಲ್ಲೇ ನಿಂತು ದೈತ್ಯ ಶಾರ್ಕ್ ಹಿಡಿದವರು ಇದ್ದಾರಾ? ಹೇಗೆ ಹಿಡಿದರು?

ದೋಣಿ ಇಲ್ಲದೆ ನೂರಾರು ಕಿಲೋ ತೂಕದ ಶಾರ್ಕನ್ನು ಗಾಳದಲ್ಲಿ ಎಳೆದ ಕತೆಗಳು ನಿಜವೇ ಎಂದು ಕೇಳಿದ್ದೀರಿ. ನಿಜ. ತೋಳ್ಬಲದ ಮಾತು ಇಲ್ಲಿ ಕಡಿಮೆ. ಎರೆಯನ್ನು ಆಳದ ನೀರಿಗೆ ಮುಟ್ಟಿಸುವುದು ಹೇಗೆ, ಮೀನು ಓಡಿದರೆ ರೀಲಿನಲ್ಲಿ ದಾರ ಉಳಿಯುತ್ತದಾ? ತೊಡಕೆಲ್ಲ ಈ ಎರಡರಲ್ಲೇ ಇತ್ತು.

ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಮೊದಲ ತೊಡಕು ತಾನಾಗಿಯೇ ಕಳೆಯಿತು. ಅಲ್ಲಿ 1975ರವರೆಗೂ ತಿಮಿಂಗಿಲ ಬೇಟೆ ನಡೆಯಿತು. ಕಳೇಬರಗಳ ಬೆನ್ನು ಹತ್ತಿ ಶಾರ್ಕ್‌ಗಳೇ ಬಂದರಿನ ಬಾಯಿಗೆ ಬರುತ್ತಿದ್ದವು. ದಕ್ಷಿಣದ ಅಲೆತಡೆ ಗೋಡೆಯ ಮೇಲೆ ನಿಂತವರು ದೂರ ಎಸೆಯಬೇಕಾಗಿರಲಿಲ್ಲ. ಅದೇ ದೇಶದ ಹರ್ಮಾನಸ್‌ನಲ್ಲಿ 1920ರ ದಶಕದಲ್ಲಿ ಬಿಲ್ ಸೆಲ್ಕಿರ್ಕ್ ಬಂಡೆಯ ಮೇಲಿಂದ ಹಿಡಿದ ಬಿಳಿ ಶಾರ್ಕ್ 2,176 ಪೌಂಡ್, ಅಂದರೆ 987 ಕೆಜಿ!

ಆಗಿನ ದಾರ ಅಗಸೆ ನಾರಿನದು. ಒದ್ದೆಯಾದಾಗ ಎಳೆಗೆ 3 ಪೌಂಡ್ ತಾಳುತ್ತದೆ ಎಂಬುದು ಲೆಕ್ಕ. 39 ಎಳೆಯ ಹುರಿಗೆ 117 ಪೌಂಡ್. ಬಳಸಿದ ಮೇಲೆ ರೀಲಿನಿಂದ ಪೂರ್ತಿ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. ನೋಡಲು ಗಟ್ಟಿ, ಮೀನು ಎಳೆದಾಗ ತುಂಡು. 1936ರಲ್ಲಿ ಪೆನ್ ಕಂಪನಿಯ ಸೆನೆಟರ್ ರೀಲು, ಎರಡನೇ ಮಹಾಯುದ್ಧದ ನಂತರ ನೈಲಾನ್, ಡೇಕ್ರಾನ್ (ಪಾಲಿಯೆಸ್ಟರ್) ದಾರ ಬಂದ ಮೇಲೆಯೇ ಅಮೆರಿಕದಲ್ಲಿ ಕಡಲೊಳಕ್ಕೆ ಚಾಚಿದ ಕಟ್ಟೆಗಳಾದ ಪಿಯರ್‌ಗಳಲ್ಲಿ ಈ ಹುಚ್ಚು ಹಬ್ಬಿದ್ದು. 1964ರ ಜೂನ್‌ನಲ್ಲಿ ಸೌತ್ ಕೆರೊಲಿನಾದ ಚೆರ್ರಿ ಗ್ರೋವ್ ಪಿಯರ್ ಮೇಲಿಂದ ವಾಲ್ಟರ್ ಮ್ಯಾಕ್ಸ್‌ವೆಲ್ 130 ಪೌಂಡ್ ತಾಳುವ ದಾರದಲ್ಲಿ 1,780 ಪೌಂಡಿನ (807.4 ಕೆಜಿ) ಟೈಗರ್ ಶಾರ್ಕ್ ಹಿಡಿದರು. 2004ರಲ್ಲಿ ಆಸ್ಟ್ರೇಲಿಯಾದಲ್ಲಿ 810 ಕೆಜಿಯದೊಂದು ಸಿಕ್ಕಿತಾದರೂ ಆ ವಿಶ್ವದಾಖಲೆ ಮುರಿಯಲಿಲ್ಲ, ಸಮವಾಯಿತು ಅಷ್ಟೇ: ಹಳೆಯದನ್ನು ಅರ್ಧ ಶೇಕಡಾ ಮೀರಬೇಕೆಂಬುದು ನಿಯಮ.

ಪಿಯರ್ ಇಲ್ಲದ ಕಡೆ? ಟೆಕ್ಸಸ್‌ನ ಪಾದ್ರೆ ದ್ವೀಪದ ಮರಳದಂಡೆಯಲ್ಲಿ ಕಯಾಕ್ ಎಂಬ ಕಿರುದೋಣಿಗೆ ಹುಟ್ಟು ಹಾಕುತ್ತ ಎರೆಯನ್ನು ಅಲೆ ಒಡೆಯುವ ಜಾಗದಾಚೆ ಒಯ್ದು ಬಿಡುತ್ತಾರೆ. ಈಗೀಗ ಡ್ರೋನ್ ಕೂಡ ಬಂದಿದೆ. ಎರೆ ಕದಲದಂತೆ ದಾರಕ್ಕೆ ಕಟ್ಟುವ ಸೀಸದ ಗುಂಡಿನಿಂದ ತಂತಿಯ ಕಾಲುಗಳು ಹೊರಚಾಚಿರುತ್ತವೆ. ಅವು ಮರಳು ಕಚ್ಚಿ ಹಿಡಿಯದಿದ್ದರೆ ಪ್ರವಾಹ ಎರೆಯನ್ನು ಮತ್ತೆ ದಡಕ್ಕೇ ತರುತ್ತದೆ.

ಹೊಸಬರು ಶಾರ್ಕ್ ಕಳೆದುಕೊಳ್ಳುವುದು ಹೆಚ್ಚಾಗಿ ಹಲ್ಲಿನಿಂದಲ್ಲ, ಚರ್ಮದಿಂದ. ಅದು ಉಪ್ಪುಕಾಗದದಂತೆ ಒರಟು. ಮೀನು ಹೊರಳಿ ದಾರವನ್ನು ಮೈಗೆ ಸುತ್ತಿಕೊಂಡರೆ ಕ್ಷಣದಲ್ಲಿ ಸವೆದು ಹೋಗುತ್ತದೆ. ಹಾಗಾಗಿ ಕೊಕ್ಕೆಯ ಬಳಿ ಒಂದು ಮೀಟರಿನಷ್ಟು ಉಕ್ಕಿನ ತಂತಿ, ಅದರ ಹಿಂದೆ ಮೀನಿನ ಉದ್ದಕ್ಕಿಂತ ಹೆಚ್ಚು, ಐದಾರು ಮೀಟರ್ ದಪ್ಪ ನೈಲಾನ್ ಇರಲೇಬೇಕು.

ಕೊಂದು ತೂಗುವ ಕಾಲ ಬಹುಮಟ್ಟಿಗೆ ಮುಗಿಯಿತು. ದಕ್ಷಿಣ ಆಫ್ರಿಕಾ 1991ರಲ್ಲೇ ಬಿಳಿ ಶಾರ್ಕಿಗೆ ರಕ್ಷಣೆ ಕೊಟ್ಟಿತು. ಫ್ಲಾರಿಡಾದಲ್ಲಿ 2019ರ ಜುಲೈಯಿಂದ ದಡದ ಶಾರ್ಕ್ ಬೇಟೆಗೆ ತರಬೇತಿ ಮತ್ತು ಪರವಾನಗಿ ಬೇಕು. ನಿಷೇಧಿತ ಜಾತಿಯನ್ನು ನೀರಿನಿಂದ ಹೊರಗೆಳೆಯುವಂತಿಲ್ಲ, ಕೊಕ್ಕೆ ಕತ್ತರಿಸುವ ಸಲಕರಣೆ ಜೊತೆಗಿರಬೇಕು. ಫೋಟೋಗಾಗಿ ಮರಳಿಗೆ ಎಳೆಯುವವರ ಮೇಲೆ ನನಗೆ ಸಿಟ್ಟಿದೆ. ಸುತ್ತಿಗೆ ತಲೆಯ ಶಾರ್ಕ್ ಅಂತೂ ಹೊತ್ತುಗಟ್ಟಲೆ ಸೆಣಸಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ, ಬಿಟ್ಟಾಗ ಈಜಿ ಹೋದರೂ ಆಮೇಲೆ ಸಾಯಬಹುದು. ಕೊಕ್ಕೆ ಬಿಡಿಸಲು ಒದ್ದಾಡುತ್ತ ಕೂರದೆ, ಮೊಣಕಾಲುದ್ದದ ನೀರಿನಲ್ಲೇ ಕತ್ತರಿಸಿ ಬಿಟ್ಟುಬಿಡಿ.