ಗೋದಲಿ ಎಂದರೆ ಗೋಧಿಯಲ್ಲ

ಈ ತಿಂಗಳ ಪತ್ರಗಳಲ್ಲಿ ಧಾರವಾಡದ ಕಡೆಯ ಸಂಡೇ ಸ್ಕೂಲ್ ಶಿಕ್ಷಕಿಯೊಬ್ಬರ ಪತ್ರವನ್ನು ಉತ್ತರಕ್ಕಾಗಿ ಆರಿಸಿಕೊಂಡಿದ್ದೇನೆ. ಅವರು ಬರೆಯುತ್ತಾರೆ: “ನಮ್ಮಲ್ಲಿ ಐದರಿಂದ ಹತ್ತು ವರ್ಷದ ಇಪ್ಪತ್ತೆರಡು ಮಕ್ಕಳಿದ್ದಾರೆ. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಹಳೆಯ ಕನ್ನಡ ಗೀತೆಯೊಂದನ್ನು ಕಲಿಸಲು ಶನಿವಾರ ರಾತ್ರಿ ಕೂತು ಚಾರ್ಟ್ ಪೇಪರಿನ ಮೇಲೆ ಚಿತ್ರ ಬರೆಯುತ್ತೇನೆ. ಒಂದು ಚರಣಕ್ಕೆ ಹದಿನಾಲ್ಕು ಚಿತ್ರಗಳಾಗಿವೆ. ನನಗೆ ಚಿತ್ರಕಲೆ ಬಾರದು. ನಾನು ಬರೆದ ಕುರಿ ನಾಯಿಯಂತಿದೆ ಎಂದು ಮಕ್ಕಳು ನಗುತ್ತಾರೆ. ಪ್ರೊಜೆಕ್ಟರ್ ಇರುವಾಗ ಅಂತರ್ಜಾಲದ ಚಂದದ ಚಿತ್ರಗಳನ್ನೇ ಹಾಕಬಾರದೇ ಎಂದು ಯುವಕರು ಕೇಳುತ್ತಾರೆ. ಹಾಡಿಗೆ ಚಿತ್ರವೇ ಬೇಡ, ಕಿವಿಯಿಂದ ಕಲಿಯಲಿ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಈ ಕೆಲಸವನ್ನು ಬಿಟ್ಟುಬಿಡಲೇ?”

ಸಹೋದರಿಯವರೇ, ಬಿಡಬೇಡಿರಿ. ಉತ್ತರ ಇಷ್ಟೇ; ಆದರೆ ನಿಮ್ಮ ಪತ್ರವು ನನ್ನ ಹಳೆಯ ಹುಚ್ಚೊಂದನ್ನು ಕೆದಕಿರುವುದರಿಂದ ಇಷ್ಟಕ್ಕೇ ನಿಲ್ಲಿಸುವುದು ನನ್ನಿಂದಾಗದು.

ಮೊದಲು ಎದುರು ಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡುತ್ತೇನೆ. ಹಾಡು ಕಿವಿಯ ಸೊತ್ತು ಎಂಬ ಹಿರಿಯರ ಮಾತು ಸುಳ್ಳಲ್ಲ. ಅಕ್ಷರ ತಿಳಿಯದ ನನ್ನ ಅಜ್ಜಿ ಗೀತಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು ಎಲ್ಲ ಚರಣಗಳನ್ನೂ ತಪ್ಪಿಲ್ಲದೆ ಹಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಪ್ರೊಜೆಕ್ಟರಿನಿಂದಲೂ ಉಪಯೋಗವುಂಟು, ಇನ್ನೂರು ಮಕ್ಕಳು ಸೇರುವ ಬೇಸಿಗೆ ರಜೆಯ ಬೈಬಲ್ ಶಾಲೆಯ (ವಿ.ಬಿ.ಎಸ್.) ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗನಿಗೆ ಚಾರ್ಟ್ ಕಾಣಿಸದು. ಆದರೆ ನಿಮ್ಮಲ್ಲಿರುವುದು ಇಪ್ಪತ್ತೆರಡು ಮಕ್ಕಳು. ಎರಡು ಜಮಖಾನೆ ಹಾಸಿದರೆ ಎಲ್ಲರೂ ನಿಮ್ಮ ಕಣ್ಣಳತೆಯಲ್ಲೇ ಇರುತ್ತಾರೆ.

ಹಿಂದಿನ ವರ್ಷ ಬೆಂಗಳೂರಿನ ಒಂದು ಕ್ರೈಸ್ತ ಸಭೆಯಲ್ಲಿ ಕ್ರಿಸ್‌ಮಸ್ ಹಾಡಿನ ಅಭ್ಯಾಸ ನಡೆದಿತ್ತು. ಏಳು ವರ್ಷದ ಹುಡುಗಿಯೊಬ್ಬಳನ್ನು “ಗೋದಲಿ ಎಂದರೇನಮ್ಮಾ?” ಎಂದು ಕೇಳಿದೆ. “ಗೋಧಿ ಇಡುವ ಡಬ್ಬ” ಎಂದಳು. ನಕ್ಕು ಮರೆಯುವ ಮಾತಲ್ಲ ಇದು. ಗೋದಲಿಯೆಂದರೆ ದನಕ್ಕೆ ಮೇವು ಹಾಕುವ ತೊಟ್ಟಿ, ಕೂಸಾದ ಯೇಸುವನ್ನು ಮಲಗಿಸಿದ ಜಾಗ. ದನದ ಕೊಟ್ಟಿಗೆಯನ್ನೇ ಕಾಣದ ಮಗು ತನಗೆ ಗೊತ್ತಿದ್ದ ಪದಗಳಲ್ಲಿ ಹತ್ತಿರದ್ದನ್ನು ಹಿಡಿದುಕೊಂಡಿತ್ತು, ಅಷ್ಟೆ. ಅವಳೆದುರಿನ ಪರದೆಯ ಮೇಲೆ ಚಿತ್ರವೇನೋ ಇತ್ತು: ಕತ್ತರಿಕಾಲಿನ ಮರದ ತೊಟ್ಟಿ, ಹೊಂಬಣ್ಣದ ಹುಲ್ಲು, ಕಿಟಕಿಯಾಚೆ ಹಿಮ. ಅದನ್ನು ಅವಳು ತೊಟ್ಟಿಲೆಂದೇ ತಿಳಿದಿದ್ದಳು. ಚಿತ್ರ ಎಷ್ಟು ಅಂದವಾಗಿದ್ದರೇನು, ಅದು ಪದವನ್ನು ಮುಟ್ಟಲೇ ಇಲ್ಲ.

ನಿಮ್ಮ ಕಡೆಯಲ್ಲಿ ಅದನ್ನು ಗ್ವಾದ್ಲಿ ಎನ್ನುತ್ತಾರಲ್ಲವೇ? ಗೋಡೆಗೆ ಹೊಂದಿಸಿ ಕಲ್ಲುಮಣ್ಣಿನಿಂದ ಕಟ್ಟಿದ, ಎತ್ತುಗಳ ಕುತ್ತಿಗೆ ತಿಕ್ಕಿ ತಿಕ್ಕಿ ಅಂಚು ನುಣುಪಾದ, ತಳದಲ್ಲಿ ಜೋಳದ ಕಣಕಿಯ ಚೂರುಗಳು ಉಳಿದಿರುವ ಆ ಗ್ವಾದ್ಲಿಯನ್ನೇ ಬರೆಯಿರಿ. ಅದರೊಳಗೆ ಒಂದು ಬಟ್ಟೆಯ ಸುತ್ತು ಸಾಕು. ಕೂಸಿನ ಮುಖ ಬಾರದಿದ್ದರೆ ಬಿಡಿರಿ. ಇಂಥ ಜಾಗದಲ್ಲಿ ಮಗುವನ್ನು ಮಲಗಿಸಿದರೇ ಎಂದು ನಿಮ್ಮ ತರಗತಿಯ ಒಂದು ಕೂಸು ಮುಖ ಕಿವುಚಿದರೆ, ಆ ಚರಣದ ಅರ್ಧ ಪಾಠ ಅಲ್ಲಿಗೆ ಆಯಿತು.

ಇನ್ನು ನಾಯಿಯಂತೆ ಕಾಣುವ ನಿಮ್ಮ ಕುರಿ. ಅಚ್ಚಿನ ಚಿತ್ರಗಳ ಕುರಿ ಹತ್ತಿಯ ಉಂಡೆಯಂತೆ ಬೆಳ್ಳಗೆ ದುಂಡಗೆ ಇರುತ್ತದೆ. ನಮ್ಮ ಬಯಲುಸೀಮೆಯ ಡೆಕ್ಕನಿ ಕುರಿ ಹಾಗಿಲ್ಲ. ಬಹುಮಟ್ಟಿಗೆ ಕಪ್ಪು, ಬಡಕಲು ಮೈ, ಜೋಲುಕಿವಿ. ಕರಿಯ ಕಂಬಳಿ ಆಗುವುದು ಅದರ ಉಣ್ಣೆಯಿಂದಲೇ. ಆದ್ದರಿಂದ ನಿಮ್ಮ ಕೈ ಬರೆದದ್ದು ಅಚ್ಚಿನ ಕುರಿಗಿಂತ ನಿಜಕ್ಕೆ ಹತ್ತಿರವಾಗಿರಬಹುದು. ದೇವರನ್ನು ಕುರುಬನೆಂದು ಹಾಡುವ ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆಯನ್ನು ಕಲಿಸುವಾಗ ಕುರುಬನಿಗೆ ಕಂಬಳಿಯ ಕೊಪ್ಪೆ ಹಾಕಿ ಕೈಗೆ ಕೋಲು ಕೊಡಿರಿ. ಹೊಲದಲ್ಲಿ ಮಂದೆಯನ್ನು ಕಂಡ ಮಕ್ಕಳಿಗೆ ಆಮೇಲೆ ವಿವರಣೆ ಬೇಕಾಗುವುದಿಲ್ಲ.

ಹೀಗೆ ಹೊಗಳಿದೆನೆಂದು ಹಿಗ್ಗಬೇಡಿರಿ, ಬೈಯುವುದೂ ಇದೆ. ಒಂದು ಚರಣಕ್ಕೆ ಹದಿನಾಲ್ಕು ಚಿತ್ರಗಳೇಕೆ? ಸೂರ್ಯ, ಮರ, ಮನೆ ಎಂಬ ಪದಗಳು ಯಾವ ಮಗುವಿಗೆ ತಿಳಿಯವು? ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಅವರ ಸಂಗಡಿಗರು ಪಾಠದ ಚಿತ್ರಗಳ ಕುರಿತು ದೀರ್ಘಕಾಲ ಪ್ರಯೋಗ ನಡೆಸಿದವರು. ಪಾಠಕ್ಕೆ ಸಂಬಂಧವಿಲ್ಲದ ಆಕರ್ಷಕ ಚಿತ್ರಗಳು ಕಲಿಕೆಯನ್ನು ಹೆಚ್ಚಿಸುವ ಬದಲು ತಗ್ಗಿಸುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ಗೋದಲಿ, ಕಾರ್ಗತ್ತಲು, ತೊರೆದು ಎಂಬಂಥ ಮೂರು ನಾಲ್ಕು ಪದಗಳನ್ನು ಹಿಡಿಯಿರಿ, ಉಳಿದವನ್ನು ಬಾಯಿಗೆ ಬಿಡಿರಿ. ‘ತೊರೆದು’ ಎಂಬುದಕ್ಕೆ ಮಾತ್ರ ಹಳ್ಳದ ಚಿತ್ರ ಬರೆದುಬಿಟ್ಟೀರಿ, ಜೋಕೆ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಇಂಗ್ಲಿಷ್ ಹಾಡುಗಳಿಗಾಗಿ ತಯಾರಾದ ಚಿತ್ರಪಟಗಳಲ್ಲಿ ‘ನಾನು’ ಎಂಬುದಕ್ಕೆ ಕಣ್ಣನ್ನೂ ‘ಇರು’ ಎಂಬುದಕ್ಕೆ ಜೇನುನೊಣವನ್ನೂ ಬರೆಯುವ ರೂಢಿಯಿದೆ, ಏಕೆಂದರೆ ಆ ಭಾಷೆಯಲ್ಲಿ ಅವುಗಳ ಉಚ್ಚಾರಣೆ ಒಂದೇ. ಒಂದು ಕಡೆ ಆ ಪಟವನ್ನೇ ಇಳಿಸಿಕೊಂಡು, ಕೆಳಗೆ ಕನ್ನಡ ಅನುವಾದವನ್ನು ಅಂಟಿಸಿ ಮಕ್ಕಳ ಮುಂದೆ ಹಿಡಿದಿದ್ದರು. ಯೇಸುವಿನ ಹಾಡಿನಲ್ಲಿ ಜೇನುನೊಣ ಎಲ್ಲಿಂದ ಬಂತೆಂದು ಯಾವ ಮಗುವೂ ಕೇಳಲಿಲ್ಲ. ಚರ್ಚಿನಲ್ಲಿ ತೋರಿಸುವ ಚಿತ್ರಗಳು ತಿಳಿಯುವುದಿಲ್ಲ ಎಂಬುದಕ್ಕೆ ಅವರು ಆಗಲೇ ಒಗ್ಗಿಹೋಗಿದ್ದರು.

ಜೇನುನೊಣಕ್ಕೆ ನಿಜವಾಗಿ ಜಾಗವಿದ್ದ ಹಾಡೂ ಒಂದಿದೆ. ಈಸ್ಟರಿನ ಹಿಂದಿನ ರಾತ್ರಿ ದೊಡ್ಡ ಮೇಣದ ದೀಪವನ್ನು ಕೊಂಡಾಡಿ ಹಾಡುವ ಲ್ಯಾಟಿನ್ ಸ್ತುತಿಯಾದ ‘ಎಕ್ಸುಲ್ಟೆಟ್’ನಲ್ಲಿ, ಮೇಣವನ್ನು ಕೊಟ್ಟ ಜೇನುನೊಣಗಳ ಪ್ರಶಂಸೆ ಬರುತ್ತದೆ. ಹತ್ತನೆಯ ಶತಮಾನದಿಂದ ಸುಮಾರು ಮುನ್ನೂರು ವರ್ಷ ದಕ್ಷಿಣ ಇಟಲಿಯಲ್ಲಿ ಈ ಸ್ತುತಿಯನ್ನು ಉದ್ದನೆಯ ಚರ್ಮದ ಸುರುಳಿಗಳ ಮೇಲೆ ಬರೆಯುತ್ತಿದ್ದರು. ಅವುಗಳಲ್ಲಿ ಅನೇಕ ಸುರುಳಿಗಳಲ್ಲಿ ಅಕ್ಷರಗಳು ಹಾಡುವವನ ಕಡೆಗೆ ಮುಖಮಾಡಿದ್ದರೆ ಚಿತ್ರಗಳು ತಲೆಕೆಳಗು. ಎತ್ತರದ ಪೀಠದಲ್ಲಿ ನಿಂತವನು ಹಾಡುತ್ತ ಸುರುಳಿಯನ್ನು ಮುಂದಕ್ಕೆ ಇಳಿಬಿಟ್ಟಂತೆ, ಎದುರಿಗಿರುವವರಿಗೆ ಚಿತ್ರಗಳು ನೆಟ್ಟಗೆ ಕಾಣಬೇಕೆಂಬುದು ಅದರ ಉಪಾಯ. ಹಾಡುವವರಿಗೆ ಅಕ್ಷರ, ಕೇಳುವವರಿಗೆ ಚಿತ್ರ! ನಿಮ್ಮ ಶನಿವಾರದ ರಾತ್ರಿಯ ಕೆಲಸಕ್ಕೆ ಸಾವಿರ ವರ್ಷದ ಹಿರಿಯರಿದ್ದಾರೆ ಎಂಬುದನ್ನು, ಚಿತ್ರವೇ ಬೇಡವೆಂದ ನಿಮ್ಮ ಹಿರಿಯರಿಗೂ ಓದಿ ಹೇಳಿರಿ. ಅವರು ಇನ್ನೂ ಒಪ್ಪದಿದ್ದರೆ, ಓದಲು ಬಾರದವರು ಗೋಡೆಯ ಚಿತ್ರಗಳನ್ನು ನೋಡಿಯಾದರೂ ಓದಿಕೊಳ್ಳಲಿ ಎಂದು 600ರ ಸುಮಾರಿಗೆ ಮಾರ್ಸೆಯ ಬಿಷಪ್ಪನಿಗೆ ಪತ್ರ ಬರೆದ ಪೋಪ್ ಗ್ರೆಗರಿಯನ್ನು ನೆನಪಿಸಿರಿ. ಆ ಬಿಷಪ್ಪ ಚಿತ್ರಗಳನ್ನು ಒಡೆಸಿಹಾಕಿದ್ದನು.

ಚಿತ್ರವೆಂದರೆ ಪದಕ್ಕೇ ಮೀಸಲೆಂದು ನೀವು ತಿಳಿದಂತಿದೆ. ರಾಗಕ್ಕೂ ಚಿತ್ರ ಬರೆಯಬಹುದು. ಇಂಗ್ಲೆಂಡಿನ ನಾರಿಚ್ ಪಟ್ಟಣದ ಸಾರಾ ಗ್ಲೋವರ್ ಎಂಬ ಪಾದ್ರಿಯ ಮಗಳು ಮಕ್ಕಳಿಗೆ ಕೀರ್ತನೆ ಕಲಿಸಲು ಸ್ವರಗಳನ್ನು ಏಣಿಯ ಮೆಟ್ಟಿಲುಗಳಂತೆ ಒಂದು ಪಟದ ಮೇಲೆ ಬರೆದು, ಕೋಲಿನಿಂದ ತೋರಿಸುತ್ತ ಹಾಡಿಸುತ್ತಿದ್ದರು. 1841ರಲ್ಲಿ ಹಲ್ ನಗರದಲ್ಲಿ ಕೂಡಿದ ಸಂಡೇ ಸ್ಕೂಲ್ ಶಿಕ್ಷಕರು ಹಾಡು ಕಲಿಸುವ ಸುಲಭ ಮಾರ್ಗವನ್ನು ಹುಡುಕಿಕೊಡಿರೆಂದು ಜಾನ್ ಕರ್ವೆನ್ ಎಂಬ ಬೋಧಕನನ್ನು ಕೇಳಿಕೊಂಡರು; ಅವನು ಈಕೆಯ ಪದ್ಧತಿಯನ್ನೇ ತಿದ್ದಿ ಹರಡಿದನು. ಡೊ, ರೆ, ಮಿ ಎಂಬ ಸ್ವರಗಳನ್ನು ಅಕ್ಷರಗಳಲ್ಲಿ ಬರೆಯುವ ಆ ಸೋಲ್ಫಾ ಲಿಪಿಯಿಂದಲೇ ಮಿಜೋರಾಮಿನ ಸಭೆಗಳು ಇಂದಿಗೂ ನಾಲ್ಕು ಧ್ವನಿಗಳಲ್ಲಿ ಹಾಡುತ್ತವೆ. ನೀವೂ ಪಲ್ಲವಿಯ ಪದಗಳನ್ನು ಒಂದೇ ಗೆರೆಯ ಮೇಲೆ ಬರೆಯದೆ, ರಾಗ ಏರಿದಲ್ಲಿ ಮೇಲಕ್ಕೆ, ಇಳಿದಲ್ಲಿ ಕೆಳಕ್ಕೆ ಬರೆದು ನೋಡಿರಿ. ಅಕ್ಷರ ಎಳೆಯುವಲ್ಲಿ ಉದ್ದ ಗೆರೆ ಹಾಕಿರಿ.

ಆಗ ನಿಮಗೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಪರದೇಶದ ರಾಗಕ್ಕೆ ಅವಸರದಿಂದ ಕೂಡಿಸಿದ ಅನುವಾದಗಳಲ್ಲಿ ಲಘುವಿರುವಲ್ಲಿ ಎಳೆತ, ಗುರುವಿರುವಲ್ಲಿ ಗಡಿಬಿಡಿ. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ ಕಿಟ್ಟೆಲ್ ಅವರು, ಅದಕ್ಕೂ ಮೊದಲೇ 1862ರಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಮಟ್ಟುಗಳಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದ್ದರು. ಜರ್ಮನಿಯಿಂದ ಬಂದವರಿಗೆ ಕಂಡ ಲಘುಗುರು ನಮ್ಮ ಕಣ್ಣಿಗೆ ಕಾಣಬಾರದೇ?

ಪ್ರೊಜೆಕ್ಟರಿನ ಮೇಲಿನ ನನ್ನ ಸಿಟ್ಟಿನ ಮೂಲ ಇನ್ನೊಂದು ಕಡೆಯಲ್ಲಿದೆ. ನಗರದ ಎಷ್ಟೋ ಸಭೆಗಳಲ್ಲಿ ಮಕ್ಕಳಿಗೆ ಕನ್ನಡ ಓದಲು ಬಾರದೆಂದು ಕನ್ನಡ ಗೀತೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಪರದೆಗೆ ಹಾಕುತ್ತಿದ್ದಾರೆ. ಅದರಲ್ಲಿ ‘ಬಲ’ಕ್ಕೂ ‘ಬಾಳ’ಕ್ಕೂ ಭೇದವಿಲ್ಲ; ಳಕಾರ ಲಕಾರಗಳು ಒಂದೇ ಪಂಕ್ತಿಯಲ್ಲಿ ಕೂತಿವೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಕೈಯಿಂದ ಬರೆದ ಕನ್ನಡವನ್ನು ಕಲ್ಲಚ್ಚಿನಲ್ಲಿ ಒತ್ತಿ ಹೊರಡಿಸಿದ ‘ಮಂಗಳೂರ ಸಮಾಚಾರ’ ನಮ್ಮ ಮೊದಲ ಪತ್ರಿಕೆಯಾಯಿತು, ಅದು 1843ರಲ್ಲಿ. ಆ ಪರಂಪರೆಯ ಸಭೆಗಳಲ್ಲೇ ಕನ್ನಡದ ಅಕ್ಷರ ಪರದೆಯಿಂದ ಕೆಳಗಿಳಿಯುತ್ತಿರುವುದನ್ನು ನೋಡಿಕೊಂಡು ಸುಮ್ಮನಿರಲು ನನಗೆ ಆಗುವುದಿಲ್ಲ. ನಿಮ್ಮ ಚಾರ್ಟಿನ ಮೇಲೆ ಚಿತ್ರದ ಕೆಳಗೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಕನ್ನಡ ಅಕ್ಷರವಿರಲಿ. ಕೆಲವು ಮಕ್ಕಳು ವಾರದಲ್ಲಿ ಓದುವ ಕನ್ನಡ ಅದೊಂದೇ ಆಗಿರಬಹುದು.

ಮಕ್ಕಳ ನಗುವಿಗೆ ಅಂಜಬೇಡಿರಿ. ನನ್ನ ಬಾಲ್ಯದ ಶಿಕ್ಷಕಿಯೊಬ್ಬರು ಫ್ಲಾನಲ್ ಬಟ್ಟೆ ಹೊದಿಸಿದ ಹಲಗೆಯ ಮೇಲೆ, ಬೆನ್ನಿಗೆ ಬಡಗಿಯ ಪಾಲಿಶ್ ಪೇಪರಿನ ತುಂಡು ಅಂಟಿಸಿದ ರಟ್ಟಿನ ಬೊಂಬೆಗಳನ್ನು ನಿಲ್ಲಿಸಿ ಹಾಡಿಸುತ್ತಿದ್ದರು. ಮಳೆಗಾಲದಲ್ಲಿ ಬಟ್ಟೆ ತೇವವಾಗಿ ಕತ್ತೆ ಪ್ರತಿ ವಾರವೂ ಅದೇ ಸಾಲಿಗೆ ಸರಿಯಾಗಿ ಜಾರಿ ಬೀಳುತ್ತಿತ್ತು. ಅರವತ್ತು ದಾಟಿದ ಮೇಲೂ ಆ ಸಾಲು ನನಗೆ ಮರೆತಿಲ್ಲ.

ಎರಡನೆಯ ವಾರ ಒಂದು ಚಿತ್ರವನ್ನು ಮಗುಚಿಡಿರಿ, ಮೂರನೆಯ ವಾರ ಇನ್ನೊಂದನ್ನು. ಹೀಗೆ ಹಾಡು ಚಿತ್ರವಿಲ್ಲದೆಯೇ ಬಾಯಿಗೆ ಬರಲಿ, ಕ್ರಿಸ್‌ಮಸ್ ದಿನ ಚಾರ್ಟ್ ಮನೆಯಲ್ಲೇ ಇರಲಿ. ಧ್ವನಿವರ್ಧಕಕ್ಕೆ ಸಾವಿರಗಟ್ಟಲೆ ಮಂಜೂರು ಮಾಡುವ ಸಭಾ ಸಮಿತಿಗಳಿಗೆ ಚಾರ್ಟ್ ಪೇಪರಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ನೀವು ಕೈಯಿಂದ ಹಾಕುತ್ತಿದ್ದೀರೆಂದು ನನ್ನ ಊಹೆ. ರಸೀದಿಗಳನ್ನು ಇಟ್ಟುಕೊಂಡು ಮುಂದಿನ ಸಭೆಯಲ್ಲಿ ಖಜಾಂಚಿಯವರ ಮುಂದೆ ಇಡಿರಿ. ಕುರಿಯ ಚಿತ್ರವನ್ನು ನಮಗೆ ಕಳುಹಿಸಿರಿ; ಡಿಸೆಂಬರ್ ಸಂಚಿಕೆಯ ಮಕ್ಕಳ ಪುಟದಲ್ಲಿ ಜಾಗ ಬಿಟ್ಟಿದ್ದೇನೆ.

— ಸಂಪಾದಕ