ವರ್ಚುವಲ್‌ಬಾಕ್ಸ್ ಏಳದಿದ್ದರೆ ಮತ್ತೆ ಇನ್‌ಸ್ಟಾಲ್ ಮಾಡುವುದು ಪರಿಹಾರವಲ್ಲ

ಮೈಸೂರು ಮತ್ತು ಮಂಡ್ಯದ ಕಾಲೇಜುಗಳಲ್ಲಿ ಸೆಮಿಸ್ಟರ್ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಪ್ರಯೋಗಾಲಯದ ಕೈಪಿಡಿಯಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಾಲ್ಪನಿಕ ಕಂಪ್ಯೂಟರನ್ನು ಓಡಿಸುವ ತಂತ್ರಾಂಶ) ಎಂದು ಬರೆದಿರುತ್ತದೆ, ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್ ಇರುತ್ತದೆ, ಎರಡೂ ಸೇರಿದಾಗ ಕೆಂಪು ಬಣ್ಣದ ದೋಷಸೂಚನೆ ಬರುತ್ತದೆ. ಇದೇ ಪ್ರಶ್ನೆಗೆ ಖಾಸಗಿಯಾಗಿ ಉತ್ತರ ಬರೆದು ಬರೆದು ಬೇಸತ್ತಿರುವುದರಿಂದ ಈ ಬಾರಿ ಅದಕ್ಕೇ ಹೆಚ್ಚಿನ ಜಾಗ ಕೊಡುತ್ತಿದ್ದೇನೆ. ಟರ್ಮಿನಲ್ ತೆರೆಯುವುದು ಹೇಗೆ, ಸುಡೊ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕೆಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11ರ ಜೊತೆಗೆ ಉಬುಂಟು 22.04 ಇದೆ. ವರ್ಚುವಲ್‌ಬಾಕ್ಸ್ ತೆರೆಯುತ್ತದೆ, ಆದರೆ ಅದರೊಳಗಿನ ಯಂತ್ರವನ್ನು ಚಾಲೂ ಮಾಡಿದೊಡನೆ ‘ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್’ ಎಂಬ ಸೂಚನೆಯೂ ಮೈನಸ್ 1908 ಎಂಬ ಸಂಖ್ಯೆಯೂ ಬರುತ್ತವೆ. ನಾಲ್ಕು ಸಲ ತೆಗೆದು ಮತ್ತೆ ಹಾಕಿದ್ದೇನೆ. ಅಂಗಡಿಯವರು ಸೆಕ್ಯೂರ್ ಬೂಟ್ ಆಫ್ ಮಾಡಿಕೊಡುತ್ತೇವೆ, ಐನೂರು ರೂಪಾಯಿ ಆಗುತ್ತದೆ ಎನ್ನುತ್ತಾರೆ. ಮಾಡಿಸಬಹುದೇ? (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು)

ಉತ್ತರ: ಮಾಡಿಸಬೇಡಿ. ಐದನೆಯ ಸಲ ಇನ್‌ಸ್ಟಾಲ್ ಮಾಡಲೂ ಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ.

ವರ್ಚುವಲ್‌ಬಾಕ್ಸ್ ಎಂಬುದು ಎರಡು ತುಂಡುಗಳ ತಂತ್ರಾಂಶ. ಒಂದು, ಕಣ್ಣಿಗೆ ಕಾಣುವ ಕಿಟಕಿ. ಅದು ನಿಮ್ಮಲ್ಲಿ ನಾಲ್ಕು ಸಲವೂ ಸರಿಯಾಗಿಯೇ ಕೂತಿದೆ. ಇನ್ನೊಂದು, ಕರ್ನಲ್ಲಿನ, ಅಂದರೆ ಉಬುಂಟುವಿನ ತಿರುಳಿನ, ಒಳಗೆ ಹೋಗಿ ಕೂರಬೇಕಾದ ವಿಬಾಕ್ಸ್‌ಡಿಆರ್‌ವಿ ಎಂಬ ಮಾಡ್ಯೂಲ್. ಇದು ಸಿದ್ಧವಾಗಿ ಬರುವ ವಸ್ತುವಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಈಗ ಓಡುತ್ತಿರುವ ಕರ್ನಲ್ಲಿನ ಅಳತೆಗೆ ಸರಿಯಾಗಿ, ನಿಮ್ಮ ಕಂಪ್ಯೂಟರಿನಲ್ಲಿಯೇ ಅದನ್ನು ಹೊಲಿಯಬೇಕು, ಮತ್ತು ಉಬುಂಟು ತನ್ನ ಕರ್ನಲ್ಲನ್ನು ಹೊಸದಾಗಿಸಿದಾಗಲೆಲ್ಲ ಮತ್ತೆ ಹೊಲಿಯಬೇಕು. ಈ ಹೊಲಿಗೆಯನ್ನು ತಾನೇ ಮಾಡುವ ಡಿಕೆಎಂಎಸ್ ಎಂಬ ವ್ಯವಸ್ಥೆಯನ್ನು ಡೆಲ್ ಕಂಪನಿಯ ತಂತ್ರಜ್ಞರು ರೂಪಿಸಿದ್ದರಿಂದ ನಮ್ಮಂಥವರ ಎಷ್ಟೋ ರಾತ್ರಿಗಳು ಉಳಿದಿವೆ. ಆದ್ದರಿಂದ ಡ್ರೈವರ್ ಇಲ್ಲ ಎಂಬ ಸೂಚನೆಗೆ ಎರಡೇ ಅರ್ಥ: ಮಾಡ್ಯೂಲ್ ತಯಾರಾಗಲೇ ಇಲ್ಲ, ಇಲ್ಲವೇ ತಯಾರಾಗಿದ್ದರೂ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ. ಇವೆರಡರಲ್ಲಿ ಯಾವುದೆಂದು ತಿಳಿಯದೆ ಮುಂದೆ ಏನು ಮಾಡಿದರೂ ಅದು ಕತ್ತಲಲ್ಲಿ ಕಲ್ಲು ಹೊಡೆದಂತೆ.

ತಿಳಿಯುವುದಕ್ಕೆ ಅರ್ಧ ನಿಮಿಷ ಸಾಕು. ಸುಡೊ ಮಾಡ್‌ಪ್ರೋಬ್ ವಿಬಾಕ್ಸ್‌ಡಿಆರ್‌ವಿ ಎಂದು ಕೊಡಿ. ‘ಮಾಡ್ಯೂಲ್ ನಾಟ್ ಫೌಂಡ್’ ಎಂದರೆ ತಯಾರಾಗಿಲ್ಲ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದರೆ, ಹಳೆಯ ಕರ್ನಲ್ಲುಗಳಲ್ಲಾದರೆ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಎಂದರೆ, ತಯಾರಾಗಿದೆ, ಆದರೆ ಅದರ ಮೇಲಿನ ಸಹಿ ಕರ್ನಲ್ಲಿಗೆ ಒಪ್ಪಿಗೆಯಾಗಿಲ್ಲ. ನೀವು ಪತ್ರದ ತುದಿಯಲ್ಲಿ, ಬೇಡದ ವಿಷಯವೆಂಬಂತೆ, ಈ ರಿಜೆಕ್ಟೆಡ್ ಎಂಬ ಸಾಲನ್ನು ಬರೆದಿದ್ದೀರಿ. ಪತ್ರದಲ್ಲಿ ಉಪಯೋಗಕ್ಕೆ ಬಂದದ್ದು ಆ ಒಂದು ಸಾಲು ಮಾತ್ರ. ದೋಷಸೂಚನೆಯನ್ನು ಓದುವ ಮುನ್ನವೇ ಮುಚ್ಚುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಎಲ್ಲಿ ಕಲಿತರೋ ನನಗೆ ತಿಳಿಯದು.

ಸೆಕ್ಯೂರ್ ಬೂಟ್ ಎಂದರೆ ಸಹಿಯಿಲ್ಲದ ತಂತ್ರಾಂಶದಿಂದ ಕಂಪ್ಯೂಟರ್ ಏಳದಂತೆ ತಡೆಯುವ ಕಾವಲು. ಅದು ಚಾಲನೆಯಲ್ಲಿರುವಾಗ, ನಂಬಿಕೆಯ ಕೀಲಿಯಿಂದ ಸಹಿಯಾಗದ ಯಾವ ಮಾಡ್ಯೂಲನ್ನೂ ಉಬುಂಟುವಿನ ಕರ್ನಲ್ ಒಳಗೆ ಬಿಡುವುದಿಲ್ಲ. ಉಬುಂಟು ಕಳಿಸುವ ಮಾಡ್ಯೂಲುಗಳಿಗೆ ಅವರ ಸಹಿ ಇರುತ್ತದೆ. ನಿಮ್ಮ ಮನೆಯಲ್ಲಿ ತಯಾರಾದ ಮಾಡ್ಯೂಲಿಗೆ ನಿಮ್ಮ ಸಹಿ ಬೇಕು, ಮತ್ತು ಆ ಸಹಿ ನಿಮ್ಮದೇ ಎಂದು ಕಂಪ್ಯೂಟರಿಗೆ ಒಮ್ಮೆ ಪರಿಚಯ ಮಾಡಿಕೊಡಬೇಕು. ಇಷ್ಟೇ ಬಾಕಿ ಉಳಿದಿರುವ ಕೆಲಸ. ಅದರ ಬದಲು ಸೆಕ್ಯೂರ್ ಬೂಟನ್ನೇ ತೆಗೆಯುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಚಿಕಿತ್ಸೆ. ತೆಗೆದರೆ ವರ್ಚುವಲ್‌ಬಾಕ್ಸ್ ಓಡುತ್ತದೆ ಎಂಬುದು ನಿಜ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾರೆ.

ಉಳಿದ ಅರ್ಧವನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಪರಿಚಯಸ್ಥರ ಲ್ಯಾಪ್‌ಟಾಪಿನಲ್ಲಿ, ಎರಡು ನಿಮಿಷದ ಕೆಲಸವೆಂಬ ಜಂಬದಿಂದ, ನಾನೇ ಸೆಕ್ಯೂರ್ ಬೂಟ್ ತೆಗೆದೆ. ಉಬುಂಟು ಚೆನ್ನಾಗಿ ಎದ್ದಿತು. ಸಂಜೆ ಅವರು ವಿಂಡೋಸ್ ತೆರೆದಾಗ ನೀಲಿ ಪರದೆಯ ಮೇಲೆ, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತ ಕೂತಿತ್ತು. ಸೆಕ್ಯೂರ್ ಬೂಟಿನ ಸ್ಥಿತಿ ಬದಲಾದರೆ ಯಾರೋ ಯಂತ್ರವನ್ನು ಕೆದಕಿದ್ದಾರೆಂದು ಬಿಟ್‌ಲಾಕರ್ ಭಾವಿಸುವುದು ಸಹಜ, ಅದು ಇರುವುದೇ ಅದಕ್ಕೆ. ಆ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಚಾಲನೆಯಲ್ಲಿದೆಯೆಂಬುದೇ ಅವರಿಗೆ ತಿಳಿದಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ಸೆಕ್ಯೂರ್ ಬೂಟನ್ನು ಮೊದಲಿನಂತೆ ಮಾಡಿದ ಮೇಲೆ ವಿಂಡೋಸ್ ಎದ್ದಿತಾದರೂ, ನಡುವಿನ ಒಂದು ಗಂಟೆ ಅವರ ಮಗಳ ಮದುವೆಯ ಫೋಟೊಗಳೆಲ್ಲ ಹೋದವೆಂದೇ ಆ ಮನೆಯವರು ನಂಬಿದ್ದರು. ಅಂದಿನಿಂದ ಬೇರೆಯವರ ಯಂತ್ರದಲ್ಲಿ ಆ ಗುಂಡಿಯನ್ನು ನಾನು ಮುಟ್ಟುವುದಿಲ್ಲ. ನಿಮ್ಮದರಲ್ಲಿಯೂ ವಿಂಡೋಸ್ 11 ಇದೆ ಎಂದಿದ್ದೀರಿ, ನೆನಪಿರಲಿ.

ಈಗ ಮಾಡಬೇಕಾದದ್ದು. ಮೊದಲು ಮೊಕ್‌ಯುಟಿಲ್ ಆದೇಶಕ್ಕೆ ಎರಡು ಅಡ್ಡಗೆರೆ ಹಾಕಿ ಎಸ್‌ಬಿ-ಸ್ಟೇಟ್ ಎಂದು ಸೇರಿಸಿ, ಸೆಕ್ಯೂರ್ ಬೂಟ್ ಚಾಲನೆಯಲ್ಲಿರುವುದನ್ನು ಖಚಿತಪಡಿಸಿಕೊಳ್ಳಿ. ಉಬುಂಟುವಿನ ಸ್ವಂತ ಭಂಡಾರದಿಂದ ವರ್ಚುವಲ್‌ಬಾಕ್ಸ್ ಹಾಕಿದ್ದರೆ ಕೀಲಿ (ಮೊಕ್ ಎಂದರೆ ಇದೇ, ಯಂತ್ರದ ಒಡೆಯರ ಕೀಲಿ) ಆಗಲೇ ತಯಾರಾಗಿ ವಾರ್, ಲಿಬ್, ಶಿಮ್-ಸೈನ್ಡ್, ಮೊಕ್ ಎಂಬ ಕಡತಕೋಶಗಳ ಸಾಲಿನಲ್ಲಿ ಕೂತಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ಟರ್ಮಿನಲ್ಲಿನಲ್ಲಿ ಒಂದು ಪರದೆ ಬಂದು 8ರಿಂದ 16 ಅಕ್ಷರಗಳ ಗುಪ್ತಪದವನ್ನು ಕೇಳಿರುತ್ತದೆ. ನೀವು ನಾಲ್ಕು ಸಲವೂ ಲಾಗಿನ್ ಗುಪ್ತಪದವೆಂದು ತಿಳಿದು ಏನನ್ನೋ ಕೊಟ್ಟು ಮುಂದೆ ಹೋಗಿದ್ದೀರಿ ಎಂಬುದು ನನ್ನ ಊಹೆ. ಅದು ಒಂದೇ ಸಲಕ್ಕೆ ಬಳಸುವ ಗುಪ್ತಪದ, ಮುಂದಿನ ರೀಸ್ಟಾರ್ಟಿನಲ್ಲಿ ಕೇಳುತ್ತದೆ, ಆಮೇಲೆ ಮರೆತರೂ ನಷ್ಟವಿಲ್ಲ. ಈಗ ಸುಡೊ ಮೊಕ್‌ಯುಟಿಲ್, ಎರಡು ಅಡ್ಡಗೆರೆ, ಇಂಪೋರ್ಟ್ ಎಂದು ಆ ಕೋಶದ ಮೊಕ್ ಡಾಟ್ ಡಿಇಆರ್ ಕಡತವನ್ನು ಹೆಸರಿಸಿ, ಹೊಸ ಗುಪ್ತಪದ ಕೊಡಿ. ಅಂಕಿಗಳನ್ನು ಮಾತ್ರ ಬಳಸಿ. ಮುಂದೆ ಬರುವ ಪರದೆಗೆ ಅಮೆರಿಕನ್ ಕೀಲಿಮಣೆಯೊಂದೇ ಗೊತ್ತು, ಅಲ್ಲಿ ವಿಶೇಷ ಚಿಹ್ನೆಗಳು ಕೈಕೊಡುತ್ತವೆ.

ರೀಸ್ಟಾರ್ಟ್ ಮಾಡಿದಾಗ ಉಬುಂಟು ಬರುವ ಮೊದಲು ನೀಲಿ ಪರದೆಯೊಂದು ಕಾಣಿಸಿ, ಯಾವುದಾದರೂ ಕೀ ಒತ್ತಿರೆಂದು ಹತ್ತು ಸೆಕೆಂಡು ಕಾಯುತ್ತದೆ. ಮುಕ್ಕಾಲು ಜನ ಎಡವುವುದು ಇಲ್ಲಿಯೇ: ರೀಸ್ಟಾರ್ಟ್ ಕೊಟ್ಟು ಕಾಫಿಗೆ ಹೋಗುತ್ತಾರೆ, ಪರದೆ ಬಂದು ಹೋಗುತ್ತದೆ, ಮನವಿ ರದ್ದಾಗುತ್ತದೆ. ಎದುರಿಗೇ ಕೂತಿರಿ. ಎನ್‌ರೋಲ್ ಮೊಕ್, ಕಂಟಿನ್ಯೂ, ಯೆಸ್, ಗುಪ್ತಪದ, ರೀಬೂಟ್, ಇದೇ ಕ್ರಮ. ಅವಕಾಶ ತಪ್ಪಿದರೆ ಇಂಪೋರ್ಟ್ ಆದೇಶವನ್ನು ಮತ್ತೊಮ್ಮೆ ಕೊಡಬೇಕು. ವರ್ಚುವಲ್‌ಬಾಕ್ಸನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಮ್ಮೆ ನೋಂದಣಿಯಾದ ಕೀಲಿ ಮುಂದಿನ ಕರ್ನಲ್ಲುಗಳಿಗೂ ಸಾಕಾಗುತ್ತದೆ.

ಇದನ್ನು ಓದುತ್ತಿರುವ ಇತರರಲ್ಲಿ ‘ನಾಟ್ ಫೌಂಡ್’ ಎಂಬ ಉತ್ತರ ಬಂದವರೂ ಇರುತ್ತಾರೆ. ಅವರಲ್ಲಿ ಮೊದಲ ಗುಂಪಿನವರ ಬಳಿ ಓಡುತ್ತಿರುವ ಕರ್ನಲ್ಲಿಗೆ ಹೊಂದುವ ಹೆಡರ್ ಕಡತಗಳು (ಮಾಡ್ಯೂಲ್ ಹೊಲಿಯಲು ಬೇಕಾದ ಅಳತೆಪಟ್ಟಿ) ಇರುವುದಿಲ್ಲ. ಯುನೇಮ್, ಅಡ್ಡಗೆರೆ ಆರ್ ಎಂಬ ಆದೇಶ ತೋರಿಸುವ ಸಂಖ್ಯೆಯೂ ಹೆಡರ್ ಪ್ಯಾಕೇಜಿನ ಸಂಖ್ಯೆಯೂ ಅಕ್ಷರಶಃ ಒಂದೇ ಆಗಿರಬೇಕು. ಎರಡನೆಯ ಗುಂಪಿನವರು ಉಬುಂಟು 22.04ರಲ್ಲಿಯೇ ಇದ್ದು, 5.15ರ ಬದಲು 6.5 ಅಥವಾ ಅದರ ನಂತರದ ಕರ್ನಲ್ಲಿಗೆ ಏರಿದವರು. ಆ ಕರ್ನಲ್ಲುಗಳನ್ನು ಜಿಸಿಸಿ ಎಂಬ ಕಂಪೈಲರಿನ 12ನೆಯ ಆವೃತ್ತಿಯಿಂದ ಕಟ್ಟಲಾಗಿದೆ, 22.04ರಲ್ಲಿ ಸಹಜವಾಗಿ ಇರುವುದು ಜಿಸಿಸಿ 11. ಜಿಸಿಸಿ-12 ಪ್ಯಾಕೇಜ್ ಹಾಕಿ ಮಾಡ್ಯೂಲನ್ನು ಮತ್ತೆ ಕಟ್ಟಿಸಿದರೆ ಮುಗಿಯಿತು. ಮೂರನೆಯವರು ಮದ್ದೂರು, ಪಾಂಡವಪುರದ ಕಡೆಯಿಂದ ಹೆಚ್ಚಾಗಿ ಬರೆಯುತ್ತಾರೆ: ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋಗಿ, ಬ್ಯಾಟರಿಯಿಲ್ಲದ ಡೆಸ್ಕ್‌ಟಾಪ್ ಆರಿಹೋಗಿ, ಪ್ಯಾಕೇಜ್ ಅರ್ಧಕ್ಕೆ ನಿಂತಿರುತ್ತದೆ. ಸುಡೊ ಡಿಪಿಕೆಜಿ, ಎರಡು ಅಡ್ಡಗೆರೆ, ಕಾನ್ಫಿಗರ್, ಒಂದು ಅಡ್ಡಗೆರೆ, ಎ ಎಂದು ಕೊಟ್ಟರೆ ನಿಂತ ಕೆಲಸ ಮುಂದುವರಿಯುತ್ತದೆ. ಒರಾಕಲ್ಲಿನ ಜಾಲತಾಣದಿಂದ ನೇರವಾಗಿ ಪ್ಯಾಕೇಜ್ ತಂದವರು ಸುಡೊ ವಿಬಾಕ್ಸ್‌ಕಾನ್ಫಿಗ್ ಎಂದು ಕೊಡಬೇಕು, ಸೋತರೆ ವಾರ್, ಲಾಗ್ ಕೋಶದಲ್ಲಿರುವ ವಿಬಾಕ್ಸ್-ಸೆಟಪ್ ಲಾಗನ್ನು ಓದಬೇಕು. ಆ ಲಾಗಿಲ್ಲದೆ ನನಗೆ ಬರೆಯಬೇಡಿ.

ಪ್ರಶ್ನೆ: ವಾರದ ಹಿಂದೆ ಸರಿಯಾಗಿದ್ದ ವರ್ಚುವಲ್‌ಬಾಕ್ಸ್, ಉಬುಂಟು 24.04ರ ಅಪ್‌ಡೇಟ್ ಆದ ಮೇಲೆ ‘ವಿಎಂಎಕ್ಸ್ ರೂಟ್ ಮೋಡ್’ ಎಂದು ಹೇಳಿ ನಿಲ್ಲುತ್ತದೆ. ಕೆವಿಎಂ ತೆಗೆದು ಕರ್ನಲ್ಲನ್ನು ಮತ್ತೆ ಕಂಪೈಲ್ ಮಾಡಿ ಎಂದು ಅದೇ ಹೇಳುತ್ತಿದೆ. ಹೇಗೆ ಮಾಡುವುದು? (ಉಪನ್ಯಾಸಕರು, ಮಂಡ್ಯ)

ಉತ್ತರ: ಕರ್ನಲ್ ಕಂಪೈಲ್ ಮಾಡಬೇಕಿಲ್ಲ, ಆ ಸಲಹೆಯನ್ನು ಆ ಸೂಚನೆಯಿಂದ ಯಾವಾಗಲೋ ಕಿತ್ತುಹಾಕಬೇಕಿತ್ತು. ಮಂಡ್ಯದವರಾದ ನಿಮಗೆ ನಾಲೆಯ ತೂಬಿನ ಲೆಕ್ಕದಲ್ಲಿ ಹೇಳುತ್ತೇನೆ. ಪ್ರೊಸೆಸರಿನಲ್ಲಿರುವ ವರ್ಚುವಲೈಸೇಶನ್ ಸೌಲಭ್ಯ ಒಂದೇ ತೂಬು; ಲಿನಕ್ಸಿನ ಸ್ವಂತ ವರ್ಚುವಲ್ ಯಂತ್ರ ವ್ಯವಸ್ಥೆಯಾದ ಕೆವಿಎಂ ಒಂದು ಗದ್ದೆ, ವರ್ಚುವಲ್‌ಬಾಕ್ಸ್ ಇನ್ನೊಂದು. ಮೊದಲು ಕೆವಿಎಂ ತನ್ನ ಗದ್ದೆಗೆ ನೀರು ಬೇಕಾದಾಗ ಮಾತ್ರ ತೂಬು ತೆಗೆಯುತ್ತಿತ್ತು. 6.12ನೆಯ ಕರ್ನಲ್ಲಿನಿಂದ ಈಚೆಗೆ ಕಂಪ್ಯೂಟರ್ ಎದ್ದು ಕೆವಿಎಂ ಮಾಡ್ಯೂಲ್ ಲೋಡ್ ಆದ ಗಳಿಗೆಯಿಂದಲೇ ತೂಬಿನ ಮೇಲೆ ಕೂತುಬಿಡುತ್ತದೆ. 24.04ಕ್ಕೆ 6.14ನೆಯ ಕರ್ನಲ್ ಬಂದಾಗ ನಿಮ್ಮಂಥವರಿಗೆಲ್ಲ ಇದು ಒಟ್ಟಿಗೆ ಬಡಿಯಿತು. ಈ ಹೊತ್ತಿನ ಮಟ್ಟಿಗೆ ಸುಡೊ ಮಾಡ್‌ಪ್ರೋಬ್, ಅಡ್ಡಗೆರೆ ಆರ್, ಕೆವಿಎಂ ಅಂಡರ್‌ಸ್ಕೋರ್ ಇಂಟೆಲ್ ಎಂದರೆ ಸಾಕು. ಎಎಂಡಿ ಪ್ರೊಸೆಸರಾದರೆ ಇಂಟೆಲ್ ಬದಲು ಎಎಂಡಿ. ಶಾಶ್ವತವಾಗಿ ಬೇಕಾದರೆ ಗ್ರಬ್‌ನ ಕರ್ನಲ್ ಸಾಲಿಗೆ ಕೆವಿಎಂ ಡಾಟ್ ಎನೇಬಲ್ ವರ್ಟ್ ಆಟ್ ಲೋಡ್ ಎಂಬುದನ್ನು ಸೊನ್ನೆಗೆ ಸಮವಾಗಿ ಸೇರಿಸಿ, ಡಾಟ್ ಆದಮೇಲಿನ ನಾಲ್ಕು ಪದಗಳನ್ನು ಅಂಡರ್‌ಸ್ಕೋರಿನಿಂದ ಜೋಡಿಸಿ, ಅಪ್‌ಡೇಟ್-ಗ್ರಬ್ ಓಡಿಸಿ. ಆಗಲೂ ಆಂಡ್ರಾಯ್ಡ್ ಎಮ್ಯುಲೇಟರನ್ನೂ ವರ್ಚುವಲ್‌ಬಾಕ್ಸನ್ನೂ ಒಂದೇ ಹೊತ್ತಿನಲ್ಲಿ ಓಡಿಸಲು ಹೋಗಬೇಡಿ, ಎಮ್ಯುಲೇಟರ್ ಬಳಸುವುದೂ ಕೆವಿಎಂ ಅನ್ನೇ.

ನನ್ನ ಸ್ವಂತ ಯಂತ್ರದಲ್ಲಿ ವರ್ಚುವಲ್‌ಬಾಕ್ಸ್ ಇಲ್ಲವೆಂಬುದನ್ನೂ ಹೇಳಿಬಿಡಬೇಕು. ಕೆವಿಎಂ 2007ರಲ್ಲಿ ಬಂದ 2.6.20ನೆಯ ಕರ್ನಲ್ಲಿನಿಂದಲೂ ಲಿನಕ್ಸಿನ ಭಾಗವೇ ಆಗಿದೆ. ಅದಕ್ಕೆ ಹೊರಗಿನ ಮಾಡ್ಯೂಲ್ ಬೇಡ, ಸಹಿಯ ತಕರಾರಿಲ್ಲ. ಅದಕ್ಕೆ ಕಿಟಕಿಯಾಗುವ ವರ್ಟ್-ಮ್ಯಾನೇಜರ್ ಹಾಕಿಕೊಂಡರೆ ಮೇಲಿನ ಪ್ರಶ್ನೆಗಳಲ್ಲಿ ಒಂದೂ ಹುಟ್ಟುವುದಿಲ್ಲ. ಆದರೆ ಕೈಪಿಡಿಯ ಚಿತ್ರಗಳೆಲ್ಲ ವರ್ಚುವಲ್‌ಬಾಕ್ಸಿನವು, ಪರೀಕ್ಷಕರು ಕೇಳುವುದೂ ಅದನ್ನೇ. ಕೈಪಿಡಿ ಬದಲಿಸುವ ಅಧಿಕಾರ ನನಗಿಲ್ಲ, ಉಪನ್ಯಾಸಕರಾದ ನಿಮಗೆ ಸ್ವಲ್ಪವಾದರೂ ಇದ್ದೀತು.

ಪ್ರಶ್ನೆ: ವಿಟಿ-ಎಕ್ಸ್ ಡಿಸೇಬಲ್ಡ್ ಎಂದು ಬರುತ್ತದೆ. (ನಂಜನಗೂಡು)

ಉತ್ತರ: ಮೇಲೆ ಹೇಳಿದ ತೂಬಿಗೆ ಇಂಟೆಲ್ ಇಟ್ಟ ಹೆಸರು ಅದು. ಬಯಾಸಿಗೆ ಹೋಗಿ ಆನ್ ಮಾಡಿ, ಎಎಂಡಿಯಲ್ಲಿ ಅದರ ಹೆಸರು ಎಸ್‌ವಿಎಂ.

ಪ್ರಶ್ನೆ: ಸುಡೊ ಸೇರಿಸಿ ವರ್ಚುವಲ್‌ಬಾಕ್ಸ್ ತೆರೆದರೆ ಎಲ್ಲ ಸರಿಹೋಗುತ್ತದೆ ಎಂದು ಗೆಳೆಯ ಹೇಳಿದ. (ಶ್ರೀರಂಗಪಟ್ಟಣ)

ಉತ್ತರ: ಸರಿಹೋಗುವುದಿಲ್ಲ. ನಿಮ್ಮದೇ ಕಡತಗಳು ರೂಟ್ ಹೆಸರಿಗೆ ಸೇರಿ ನಾಳೆ ನಿಮಗೇ ತೆರೆಯುವುದಿಲ್ಲ. ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಬೇಕಾದದ್ದು ಯುಎಸ್‌ಬಿ ಸಾಧನಗಳಿಗಾಗಿ, ಸೇರಿದ ಮೇಲೆ ಲಾಗ್‌ಔಟ್ ಆಗಿ ಬರಬೇಕು. ಎಲ್ಲದಕ್ಕೂ 777 ಅನುಮತಿ (ಯಾರು ಬೇಕಾದರೂ ಓದಿ, ಬರೆದು, ಓಡಿಸಬಹುದೆಂಬ ಅನುಮತಿ) ಕೊಡಿ ಎನ್ನುವ ಗೆಳೆಯರಿಂದಲೂ ದೂರವಿರಿ.

ಪ್ರಶ್ನೆ: 4 ಜಿಬಿ ರ‍್ಯಾಮ್ ಸಾಕೇ? (ಹಲವರು)

ಉತ್ತರ: ಸಾಲದು.

ಪ್ರಶ್ನೆ: ಮಂಡ್ಯದಲ್ಲಿ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಿನಕ್ಸಿಗೆ ಬದಲಾಗಿದ್ದೇನೆ, ಆದರೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಬೇಕೇಬೇಕು. ಅದಕ್ಕಾಗಿ ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ ಹಾಕುವುದು ಸರಿಯೇ? ಒಬ್ಬರು ಎಲ್ಲವೂ ಸಿದ್ಧವಿರುವ ವಿಂಡೋಸ್ ಡಿಸ್ಕನ್ನು ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ ಎಂದಿದ್ದಾರೆ.

ಉತ್ತರ: ಟೈಪ್ ಮಾಡುವುದಕ್ಕಷ್ಟೇ ಆದರೆ ಬೇಡ. ಕೆ. ಪಿ. ರಾವ್ ಅವರ ವಿನ್ಯಾಸದ, ನಿಮ್ಮ ಬೆರಳುಗಳಿಗೆ ಪರಿಚಯವಿರುವ ಅದೇ ಕಗಪ ಕೀಲಿಮಣೆ ಉಬುಂಟುವಿನ ಸೆಟ್ಟಿಂಗ್ಸಿನಲ್ಲಿಯೇ ಕನ್ನಡದ ಕೆಳಗೆ ಇದೆ, ಅದು ಯೂನಿಕೋಡಿನಲ್ಲಿ ಬರೆಯುತ್ತದೆ. ಹಳೆಯ ಆಸ್ಕಿ ಫಾಂಟಿನ ಲಗ್ನಪತ್ರಿಕೆಗಳನ್ನೂ ಪೇಜ್‌ಮೇಕರ್ ಕಡತಗಳನ್ನೂ ಗ್ರಾಹಕರು ತಿದ್ದಿಸಲು ತರುತ್ತಾರೆಂದಾದರೆ ವಿಂಡೋಸ್ ಬೇಕಾಗುತ್ತದೆ, ಅದಕ್ಕೆ ವರ್ಚುವಲ್‌ಬಾಕ್ಸ್ ಸರಿಯಾದ ಜಾಗವೇ. ಅಂಗಡಿಯ ಬಳಕೆಯೆಂದರೆ ವ್ಯಾಪಾರದ ಬಳಕೆ. ಮೂಲ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶ, ಆದರೆ ಎಕ್ಸ್‌ಟೆನ್ಶನ್ ಪ್ಯಾಕ್ ಎಂಬ ಹೆಚ್ಚುವರಿ ತುಂಡು ಸ್ವಂತಕ್ಕೂ ಕಲಿಕೆಗೂ ಮಾತ್ರ ಉಚಿತ. ಅದನ್ನು ಹಾಕಬೇಡಿ. 7.0ರಿಂದ ಈಚೆಗೆ ಯುಎಸ್‌ಬಿ 3 ಮೂಲ ಪ್ಯಾಕೇಜಿನಲ್ಲಿಯೇ ಇರುವುದರಿಂದ ನಿಮಗೆ ಅದರ ಅಗತ್ಯವೂ ಬೀಳುವುದಿಲ್ಲ.

ಪೆನ್‌ಡ್ರೈವಿನ ಸಿದ್ಧ ಡಿಸ್ಕಿನ ಬಗ್ಗೆ: ಅದರಲ್ಲಿರುವ ವಿಂಡೋಸಿಗೆ ಪರವಾನಗಿ ಇರುವುದಿಲ್ಲ, ಅದರೊಳಗೆ ಇನ್ನೇನನ್ನು ಸೇರಿಸಿದ್ದಾರೆಂದು ಕೊಟ್ಟವರಿಗೂ ತಿಳಿದಿರುವುದಿಲ್ಲ. ಗ್ರಾಹಕರ ಆಧಾರ್ ಪ್ರತಿಗಳಿರುವ ಅಂಗಡಿಯ ಕಂಪ್ಯೂಟರಿಗೆ ಅದನ್ನು ಚುಚ್ಚಬೇಡಿ. ಪರವಾನಗಿ ಇರುವ ವಿಂಡೋಸನ್ನು ನೀವೇ ಹಾಕಿ, ನೆಟ್‌ವರ್ಕನ್ನು ಕಿತ್ತಿಟ್ಟು, ಗೆಸ್ಟ್ ಅಡಿಷನ್ಸ್ ಸೇರಿಸಿ, ಕಡತಗಳನ್ನು ಷೇರ್ಡ್ ಫೋಲ್ಡರಿನ ಮೂಲಕ ಮಾತ್ರ ಆಚೀಚೆ ಸಾಗಿಸಿ.