ವಿಸಿಲ್ ಬಿಟ್ಟು ಫ್ಲ್ಯಾಗ್ ಹಿಡಿದವರು: ಒಂದು ಆಪ್ತಸಲಹೆ ಪ್ರಕರಣ

ಅವರು ನನ್ನ ಹತ್ತಿರ ಬಂದಿದ್ದು ನಿದ್ದೆಯ ತೊಂದರೆಗೆ. "ಶನಿವಾರ ರಾತ್ರಿ ಮಾತ್ರ ನಿದ್ದೆ ಬರಲ್ಲ ಮೇಡಂ, ಬೇರೆ ದಿನ ಪರವಾಗಿಲ್ಲ" ಅಂದರು. ಭಾನುವಾರ ಏನಿರುತ್ತೆ ಅಂತ ಕೇಳಿದೆ. ಮ್ಯಾಚ್ ಅಂದರು. ಆಟಗಾರ್ತಿ ಅಂದುಕೊಂಡೆ. ಅಲ್ಲ, ಫುಟ್‌ಬಾಲ್ ರೆಫರಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ವಯಸ್ಸು 24. ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ವಾರವಿಡೀ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಕಾಲೇಜು ಮುಗಿದ ಮೇಲೆ ಆಡಲು ತಂಡ ಇರಲಿಲ್ಲ, ಮೈದಾನ ಬಿಡಲು ಮನಸ್ಸಿರಲಿಲ್ಲ, ಹಾಗಾಗಿ ರೆಫರಿ ಪರೀಕ್ಷೆ ಬರೆದು ಪಾಸಾದರು. ಎರಡು ವರ್ಷ ಚೆನ್ನಾಗಿ ನಡೆಯಿತು. ಆದರೆ ಎಂಟು ತಿಂಗಳಿಂದ ಸೆಂಟರ್‌ನಲ್ಲಿ, ಅಂದರೆ ವಿಸಿಲ್ ಹಿಡಿದು ಮ್ಯಾಚ್ ನಡೆಸುವ ಮುಖ್ಯ ರೆಫರಿಯಾಗಿ, ನಿಂತಿಲ್ಲ. ಯಾರು ಕರೆದರೂ ಲೈನ್ ಮಾತ್ರ, ಅಂದರೆ ಗೆರೆಯ ಪಕ್ಕ ಫ್ಲ್ಯಾಗ್ ಹಿಡಿದು ಓಡುವ ಅಸಿಸ್ಟೆಂಟ್ ರೆಫರಿ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಾರೆ. "ನನಗೆ ಫ್ಲ್ಯಾಗೇ ಸರಿ ಅನ್ಸುತ್ತೆ. ಒಂದ್ಸಲ ನೀವೂ ಹೌದು ಅಂದ್ಬಿಡಿ ಮೇಡಂ, ನೆಮ್ಮದಿ ಆಗುತ್ತೆ."

ನಾನು ಹೌದು ಅನ್ನಲಿಲ್ಲ. ಫ್ಲ್ಯಾಗ್ ಕಡಿಮೆ ಅಂತಲ್ಲ. ಗೋವಾದ ಉವೇನಾ ಫರ್ನಾಂಡಿಸ್ ಅಸಿಸ್ಟೆಂಟ್ ರೆಫರಿಯಾಗಿಯೇ 2016ರಲ್ಲಿ ಜೋರ್ಡಾನ್‌ನ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್‌ವರೆಗೆ ಹೋದವರು. ಆಫ್‌ಸೈಡ್ ಗೆರೆ ಹಿಡಿದು ಓಡುವುದು ಬೇರೆಯದೇ ವಿದ್ಯೆ, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಅಂತರರಾಷ್ಟ್ರೀಯ ರೆಫರಿಗಳ ಪಟ್ಟಿಯಲ್ಲೂ ಅಸಿಸ್ಟೆಂಟ್‌ಗಳನ್ನು ಬೇರೆಯಾಗಿಯೇ ಸೇರಿಸುತ್ತಾರೆ. ಇಷ್ಟಪಟ್ಟು ಆ ದಾರಿ ಹಿಡಿದರೆ ನಾನೇ ಬೆನ್ನು ತಟ್ಟುತ್ತೇನೆ. ಆದರೆ ಇಷ್ಟಪಟ್ಟು ಆರಿಸಿಕೊಂಡವರಿಗೆ ಹಿಂದಿನ ರಾತ್ರಿ ನಿದ್ದೆ ಯಾಕೆ ಕೆಡಬೇಕು?

ವಿಷಯ ಹೊರಬಂದಿದ್ದು ಮೂರನೇ ಭೇಟಿಯಲ್ಲಿ. ಎಂಟು ತಿಂಗಳ ಹಿಂದೆ ಒಂದು ಟೂರ್ನಿ, ಗಂಡಸರ ಮ್ಯಾಚ್, ಕೊನೆಯ ಹತ್ತು ನಿಮಿಷ. ಇವರು ಪೆನಾಲ್ಟಿ ಕೊಟ್ಟರು. ಒಂದು ತಂಡದ ಮ್ಯಾನೇಜರ್ ಗೆರೆ ದಾಟಿ ಒಳಗೆ ಬಂದು, ಎಲ್ಲರಿಗೂ ಕೇಳುವಂತೆ, ಹೆಂಗಸು ಅನ್ನೋದನ್ನೇ ಹಿಡಿದು ಬೈದ. ಜೇಬಿನಲ್ಲಿ ಕಾರ್ಡ್ ಇತ್ತು, ಕೈ ಹೋಗಲಿಲ್ಲ. ಮ್ಯಾಚ್ ಆದ ಮೇಲೆ ರಿಪೋರ್ಟ್ ಬರೆಯಲು ಕೂತರೆ ಹಿರಿಯರೊಬ್ಬರು, "ಬಿಡಮ್ಮ, ಇದೆಲ್ಲ ಇದ್ದಿದ್ದೇ, ಬರೆದರೆ ಮುಂದೆ ನಿನಗೇ ಮ್ಯಾಚ್ ಸಿಗಲ್ಲ" ಅಂದರು. ಬರೆಯಲಿಲ್ಲ.

ಪೆನಾಲ್ಟಿ ಸರಿಯಿತ್ತಾ ಅಂತ ಕೇಳಿದೆ. ಸರಿಯಿತ್ತು ಅಂದರು, ಒಂದು ಚೂರೂ ತಡವರಿಸದೆ. ಅಂದರೆ ಅವರಿಗೆ ಅನುಮಾನ ಇದ್ದದ್ದು ತೀರ್ಪಿನ ಮೇಲಲ್ಲ. ಬರೆಯದೆ ಬಿಟ್ಟ ಆ ಪುಟ ಒಳಗೇ ಕೊರೆಯುತ್ತಿತ್ತು. ನಿಯಮ ನೋಡಿ: ಬೈಗುಳಕ್ಕೆ ರೆಡ್ ಕಾರ್ಡ್. 2019ರಿಂದ ಕೋಚ್, ಮ್ಯಾನೇಜರ್‌ಗೂ ಕಾರ್ಡ್ ತೋರಿಸಬಹುದು. ಇನ್ನೊಬ್ಬ ಆಟಗಾರನನ್ನು ಬೈದಿದ್ದರೆ ಇವರು ಸುಮ್ನೆ ಇರುತ್ತಿದ್ದರಾ? ಖಂಡಿತ ಇಲ್ಲ. ತನಗೆ ಬೈದಾಗ ಮಾತ್ರ ಅದು ಮ್ಯಾಚಿನ ವಿಷಯ ಅಲ್ಲ, ತನ್ನ ಸ್ವಂತ ಅವಮಾನ ಅಂತ ನುಂಗಿಕೊಂಡರು. ನಮ್ಮ ಹೆಣ್ಣುಮಕ್ಕಳಿಗೆ ಕೆಲಸದ ಜಾಗದಲ್ಲಿ ಆಗುವುದು ಹೆಚ್ಚಾಗಿ ಇದೇ ಅಲ್ವಾ, ನನಗೆ ಕೇಳಿ ಕೇಳಿ ಸಿಟ್ಟು ಬರುತ್ತದೆ.

ಮೊದಲ ಸಲಹೆ, ಆ ರಿಪೋರ್ಟ್ ಈಗ ಬರೆಯಿರಿ. ಕಳಿಸಬೇಕಿಲ್ಲ. ನನ್ನ ಮುಂದೆ ಕೂತು, ರಿಪೋರ್ಟಿನ ಭಾಷೆಯಲ್ಲೇ: ಎಷ್ಟನೇ ನಿಮಿಷ, ಯಾರು, ಎಲ್ಲಿ ನಿಂತು, ಯಾವ ಮಾತು. ನಲವತ್ತು ನಿಮಿಷ ಹಿಡಿಯಿತು. ಎರಡು ಸಲ ಪೆನ್ನು ಕೆಳಗಿಟ್ಟರು.

ಎರಡನೆಯದು, ಮೆಟ್ಟಿಲು ಹತ್ತಿದ ಹಾಗೆ ಸೆಂಟರ್‌ಗೆ ವಾಪಸ್ ಹೋಗುವುದು. ಮೊದಲು ಶಾಲಾ ಮಕ್ಕಳ ಮ್ಯಾಚ್, ಆಮೇಲೆ ಹೆಣ್ಣುಮಕ್ಕಳದು, ಕೊನೆಗೆ ಗಂಡಸರದು. ಒಂದು ಹಂತದಲ್ಲಿ ಎದೆಬಡಿತ ತಗ್ಗುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ. ಪ್ರತಿ ಮ್ಯಾಚಿಗೂ ನಂಬಿಕೆಯ ಒಬ್ಬ ರೆಫರಿಯನ್ನು ನೋಡಲು ಕರೆಯಿರಿ, ಎರಡು ಒಳ್ಳೆಯದು, ಒಂದು ತಪ್ಪು ಹೇಳಲಿ, ಸಾಕು. ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ ಹಳೆ ಮ್ಯಾಚ್ ನೋಡುವುದು ನಿಲ್ಲಬೇಕು ಅಂದೆ. ಅದಕ್ಕೆ ಒಪ್ಪಿಸುವುದೇ ಕಷ್ಟವಾಯಿತು.

ಮಾತಿನ ನಡುವೆ ಇನ್ನೊಂದು ತಿಳಿಯಿತು. ಸೆಕೆಂಡ್ ಹಾಫ್‌ನಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದಂತೆ. ಯಾಕೆ ಅಂದರೆ ಮ್ಯಾಚಿನ ದಿನ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಮೈದಾನದಲ್ಲಿ ಹೆಂಗಸರಿಗೆ ಟಾಯ್ಲೆಟ್ ಇಲ್ಲ, ಬಟ್ಟೆ ಬದಲಿಸಲು ಕೋಣೆ ಇಲ್ಲ, ಚೂಡಿದಾರದ ಒಳಗೇ ಜೆರ್ಸಿ ಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತಾರೆ, ಬಿಸಿಲಿನಲ್ಲಿ ತೊಂಬತ್ತು ನಿಮಿಷ ಓಡುತ್ತಾರೆ, ಆಮೇಲೆ "ನನಗೆ ಸೆಂಟರ್‌ಗೆ ಬೇಕಾದ ಸ್ಟ್ಯಾಮಿನಾ ಇಲ್ಲ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ! ಮ್ಯಾಚ್ ಒಪ್ಪಿಕೊಳ್ಳುವ ದಿನವೇ ಕೋಣೆ ಮತ್ತು ಟಾಯ್ಲೆಟ್ ಬಗ್ಗೆ ವಾಟ್ಸಾಪ್‌ನಲ್ಲಿ ಕೇಳಿ, ಬಾಯಿಮಾತು ಬೇಡ ಅಂದೆ. ಉಪಕಾರ ಕೇಳಿದ ಹಾಗೆ ಬರೆಯಬೇಡಿ, ಕೆಲಸಕ್ಕೆ ಬೇಕಾದದ್ದು ಅಂತ ಬರೆಯಿರಿ.

ವಯಸ್ಸಾಯಿತು ಅನ್ನುವ ಚಿಂತೆಯೂ ಇತ್ತು. ಫಿಫಾ ಪಟ್ಟಿಗೆ ಸೆಂಟರ್ ರೆಫರಿಯಾಗಿ ಸೇರಲು ಕನಿಷ್ಠ 25 ವರ್ಷ ಆಗಿರಬೇಕು. ಇವರಿಗಿನ್ನೂ ಆಗಿಲ್ಲ! ಜಪಾನಿನ ಯೋಶಿಮಿ ಯಮಾಶಿತಾ ಗೆಳತಿಯ ಬಲವಂತಕ್ಕೆ ವಿಸಿಲ್ ಹಿಡಿದವರು, 2022ರ ಗಂಡಸರ ವಿಶ್ವಕಪ್‌ಗೆ ಆಯ್ಕೆಯಾದಾಗ 36 ವರ್ಷ. ಅದೇ ವಿಶ್ವಕಪ್‌ನಲ್ಲಿ ಜರ್ಮನಿ-ಕೋಸ್ಟರಿಕಾ ಮ್ಯಾಚ್ ನಡೆಸಿದ ಫ್ರಾನ್ಸಿನ ಸ್ಟೆಫನಿ ಫ್ರಾಪಾರ್‌ಗೆ 38. ಇಂಗ್ಲೆಂಡಿನ ರೆಬೆಕಾ ವೆಲ್ಚ್ ವರ್ಷಗಟ್ಟಲೆ ಆಫೀಸ್ ಕೆಲಸದ ಜೊತೆಗೇ ಇದನ್ನು ಮಾಡಿ 2023ರ ಡಿಸೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಮ್ಯಾಚ್ ನಡೆಸಿದ ಮೊದಲ ಮಹಿಳೆಯಾದರು. ಹಾಗಾಗಿ ಕೆಲಸ ಬಿಡಬೇಡಿ ಅಂತ ಗಟ್ಟಿಯಾಗಿಯೇ ಹೇಳಿದೆ. ಸಂಬಳ ಇದ್ದರೆ ಬೇಡದ ಮ್ಯಾಚಿಗೆ ಬೇಡ ಅನ್ನಬಹುದು.

ಮನೆಯಲ್ಲಿ ಮದುವೆ ಮಾತು ನಡೆಯುತ್ತಿದೆ. ಭಾನುವಾರಗಳ ವಿಷಯ ಹುಡುಗನಿಗೆ ಮೊದಲೇ ತಿಳಿಸಿ, ಅಮ್ಮನ ಬಾಯಲ್ಲಿ ಅಲ್ಲ, ನೀವೇ ಹೇಳಿ ಅಂದೆ.

ನಾಲ್ಕನೇ ತಿಂಗಳಲ್ಲಿ ಫೋನ್ ಬಂತು. 15 ವರ್ಷದೊಳಗಿನವರ ಮ್ಯಾಚ್, ಸೆಂಟರ್ ಇವರೇ. ಒಬ್ಬ ಕೋಚ್ ಬೈದ, ರೆಡ್ ಕಾರ್ಡ್ ತೋರಿಸಿದರಂತೆ. "ರಿಪೋರ್ಟ್ ಬರೀತಾ ಇದ್ದೀನಿ ಮೇಡಂ. ಅವನು ಅಂದ ಮಾತನ್ನ ಹಾಗೇ ಬರೀಲಾ, ಇಲ್ಲಾ ಅಸಭ್ಯವಾಗಿ ಬೈದರು ಅಂತ ಬರೀಲಾ?" ಹಾಗೇ ಬರೆಯಿರಿ, ಒಂದಕ್ಷರ ಬಿಡಬೇಡಿ ಅಂದೆ.

ಮುಂದಿನ ತಿಂಗಳು ಫಿಟ್‌ನೆಸ್ ಟೆಸ್ಟ್ ಇದೆ. ಫಿಫಾ ಮಹಿಳಾ ರೆಫರಿಗಳ ಅಳತೆಯನ್ನೇ ಗುರಿ ಇಟ್ಟುಕೊಂಡಿದ್ದಾರೆ: 40 ಮೀಟರ್ ಆರು ಸಲ, ಪ್ರತಿ ಸಲ 6.4 ಸೆಕೆಂಡಿನೊಳಗೆ. ಆಮೇಲೆ 75 ಮೀಟರ್ 17 ಸೆಕೆಂಡಿನಲ್ಲಿ ಓಟ, 25 ಮೀಟರ್ 20 ಸೆಕೆಂಡಿನಲ್ಲಿ ನಡಿಗೆ, ಹೀಗೆ ನಲವತ್ತು ಸಲ, ಅಂದರೆ ಟ್ರ್ಯಾಕಿನ ಹತ್ತು ಸುತ್ತು. ಎಂಟನೇ ಸುತ್ತಿನ ತನಕ ಆರಾಮಾಗಿ ಹೋಗುತ್ತಾರಂತೆ. ಕೊನೆಯ ಎರಡರಲ್ಲಿ ಇನ್ನೂ ಅರ್ಧ ಸೆಕೆಂಡ್ ಹಿಂದೆ ಬೀಳುತ್ತಿದ್ದಾರೆ.